ಒಂದೇ ಸಲ ಕೇಳಿದ್ದು

ಸೆಪೀದ್ ದರೆ
ಬಹ್ಮನ್ ಹನ್ನೆರಡು

ಕಿಯೂಮರ್ಸ್,

ಹೆಸರಿನ ಹಿಂದೆ ಏನು ಬರೆಯಬೇಕೋ ತಿಳಿಯಲಿಲ್ಲ, ಬರೀ ಹೆಸರು ಬರೆದಿದ್ದೇನೆ. ಫೋನು ಮಾಡಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಕ್ಷೇಮ ಒಬ್ಬರು ಕೇಳಿ, ದೇವರ ದಯೆ ಅಂದು, ಅಷ್ಟರಲ್ಲೇ ಮಾತು ಮುಗಿಸಿಬಿಡುತ್ತೇವೆ. ಕಾಗದದ ಒಂದು ಅನುಕೂಲವೆಂದರೆ ನಡುವೆ ಬಾಯಿ ಹಾಕಿ ನೀನು ‘ಸರಿ’ ಅನ್ನಲಾರೆ.

ಮೊದಲು ಕೆಲಸದ ಮಾತು. ನಿನ್ನ ಅಕ್ಕ ಎಫ್ಫತ್ ಹೇಳಿದ ಹಾಗೆ, ಹೊಸವರ್ಷದ ನೌರೋಜ್ ಹಬ್ಬಕ್ಕೆ ಮುಂಚೆ ಯಾವ ದಿನ ಕರೆದರೂ ಟೆಹರಾನಿಗೆ ಇಳಿದು ಬರುತ್ತೇನೆ. ವಿಚ್ಛೇದನದ ಕಾಗದಕ್ಕೆ ರುಜು ಹಾಕುತ್ತೇನೆ. ನನ್ನದೇನೂ ತಕರಾರಿಲ್ಲ. ಇಷ್ಟು ಬರೆದು ಮಡಚಿಬಿಟ್ಟಿದ್ದರೆ ಒಳ್ಳೆಯದಿತ್ತೇನೋ.

ನೀನು ಬಂದು ಹೋದ ಮೇಲೆ ಇಲ್ಲಿ ಹಿಮ ಬಿದ್ದಿಲ್ಲ. ಮಳೆಯೂ ಇಲ್ಲ. ಇಳಿಜಾರು ಕಂದು ಬಣ್ಣಕ್ಕೆ ತಿರುಗಿ, ನೆರಳಿನ ಕಡೆ ಅದಕ್ಕೆ ಮುಂಚೆ ಒಮ್ಮೆ ಉದುರಿದ ಒಂದಿಷ್ಟು ಕೊಳಕು ಹಿಮ ಹಳೇ ಬ್ಯಾಂಡೇಜಿನ ಹಾಗೆ ಅಂಟಿಕೊಂಡಿದೆ. ಸ್ಕೀ ಆಡುವವರನ್ನು ಮೇಲೆ ಒಯ್ಯುವ ಲಿಫ್ಟ್ ಒಂದು ದಿನವೂ ತಿರುಗಿಲ್ಲ. ಕುರ್ಚಿಗಳು ಗಾಳಿಗೆ ತಾವಾಗಿಯೇ ತೂಗುತ್ತವೆ. ಹೆಂಗಸರ ರಕ್ಷಣಾ ಪಡೆಗೆ ಬರುವುದು ಬೇಡ ಅಂದಿದ್ದಾರೆ. ಜಾರಿ ಬಿದ್ದು ಕಾಲು ಮುರಿದುಕೊಂಡವರನ್ನು ಜಾರುಬಂಡಿಯಲ್ಲಿ ಮಲಗಿಸಿ ಕೆಳಗೆ ತರುವುದು ನಮ್ಮ ಕೆಲಸ. ಜಾರುವವರೇ ಇಲ್ಲದ ಮೇಲೆ ನಾವು ಯಾಕೆ? ಆದರೂ ನಾನು ಬೆಳಿಗ್ಗೆ ಕೆಂಪು ಅಂಗಿ ತೊಟ್ಟು ಇಳಿಜಾರಿಗೆ ಹೋಗುತ್ತೇನೆ, ಕಲ್ಲು ಆರಿಸಿ ಬದಿಗೆ ಹಾಕುತ್ತೇನೆ. ಹಿಮ ಬಿದ್ದರೆ ಸ್ಕೀಗೆ ತಾಗದಿರಲಿ ಅಂತ.

ಲಿಫ್ಟ್ ನೋಡಿಕೊಳ್ಳುವ ಮಷ್ ಯದೊಲ್ಲಾ ನೆನಪಿದ್ದಾನಲ್ಲ, ನನ್ನ ಕೋಣೆಯ ಯಜಮಾನ. ಅವನಿಗೆ ನನ್ನನ್ನು ರೇಗಿಸುವುದೊಂದೇ ಈ ಚಳಿಗಾಲದ ಕೆಲಸ. ತರ್ಲಾನ್ ಖಾನೂಮ್, ಇವತ್ತು ಯಾರ್ನ ಕಾಪಾಡಿದ್ರಿ ಅಂತ ಕೇಳುತ್ತಾನೆ. ನಮ್ಮ ಕೋಳಿ ಒಂದು ಗುಡ್ಡ ಹತ್ತಿ ಕೂತಿದೆ, ಇಳಿಯೋಕೆ ಹೆದರ್ತಿದೆ, ನಿಮ್ಮ ಜಾರುಬಂಡಿ ತಗೊಂಡು ಹೋಗಿ ಅನ್ನುತ್ತಾನೆ. ಮೊನ್ನೆ ನಾನು ಸಿಡುಕಿದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, ಹೋಗ್ಲಿ ಬಿಡಿ ಮಗಳೇ, ನನ್ನಪ್ಪನ ಕಾಲದಲ್ಲಿ ಮನೆಯಿಂದ ಹೊರಗೆ ಬರೋಕೆ ಸುರಂಗ ತೋಡ್ತಿದ್ರು, ಈಗ ನಾನು ನಡುಚಳಿಯ ಬಹ್ಮನ್ ತಿಂಗಳಲ್ಲಿ ಅಂಗಳಕ್ಕೆ ನೀರು ಚಿಮುಕಿಸ್ತಿದೀನಿ, ಧೂಳಿಗೆ, ಅಂದ. ಆಮೇಲೆ ಅವನೂ ನಗಲಿಲ್ಲ.

ಹತ್ತಲು ಬಂಡೆಯಾದರೂ ಇದೆಯಲ್ಲ ಅನ್ನುತ್ತೀ. ನಾನೂ ಹಾಗೇ ಅಂದುಕೊಂಡೆ. ಬಿಸಿಲು ಇಷ್ಟಿರುವಾಗ ಹಳ್ಳಿಯ ಹಿಂದಿನ ಬಂಡೆಗೋಡೆ ಹತ್ತಬಹುದು, ಕೈಗೆ ಚಳಿ ಕಚ್ಚುವುದಿಲ್ಲ. ಹೋದೆ. ನಾವಿಬ್ಬರೂ ಮೊದಲು ಹತ್ತಿದ ಸುಲಭದ ದಾರಿ, ಮಕ್ಕಳಿಗೆ ಕಲಿಸುವಂಥದು. ನಡುವೆ ಎಡಗಾಲು ಎತ್ತಿ ಇಡಬೇಕಾದ ಕಡೆ ಮಂಡಿ ಏಳಲಿಲ್ಲ. ನೋವಾಗಿ ನಿಂತಿದ್ದರೆ ಬೇರೆ. ನೋವಿರಲಿಲ್ಲ. ಹೇಳಿದ್ದನ್ನು ಕೇಳಿಸಿಕೊಂಡು ಎದ್ದೇಳದ ಆಳಿನ ಹಾಗೆ ಸುಮ್ಮನೆ ಕೂತಿತ್ತು. ಹಗ್ಗದ ಮೇಲೆ ತೂಗಿಕೊಂಡು ಬಹಳ ಹೊತ್ತು ಕಣಿವೆ ನೋಡಿದೆ. ಆಮೇಲೆ ಇಳಿದೆ.

ಹಿಂದೆ ಕೆಲಸಕ್ಕಿದ್ದ ನೀರಿನ ಇಲಾಖೆಯ ನಕ್ಷೆ ಕೋಣೆಯಲ್ಲಿ ಬೆಟ್ಟಗಳ ಎತ್ತರದ ಗೆರೆ ಎಳೆಯುತ್ತ ಕೂತಿದ್ದಾಗ ಅನಿಸುತ್ತಿತ್ತು, ಈ ಗೆರೆಯ ಮೇಲೆ ನಿಲ್ಲದೆ ಸಾಯಬಾರದು ಅಂತ. ಚಳಿಗಾಲಕ್ಕೆ ಸ್ಕೀ, ಬೇಸಿಗೆಗೆ ಬಂಡೆ, ಹೊಟ್ಟೆಗೆ ಇವೆರಡರ ನಡುವೆ ಸಿಕ್ಕ ಕೆಲಸ. ಅದಕ್ಕೇ ಎಲ್ಲ ಬಿಟ್ಟು ಇಲ್ಲಿಗೆ ಬಂದೆ, ಅವೆರಡರ ಹತ್ತಿರ ಇರಲು. ಈಗ ನಾನು ಹತ್ತಿರವೇ ಇದ್ದೇನೆ. ಅವು ಇಲ್ಲ.

ನೀನು ಬಂದ ದಿನವನ್ನು ಇಲ್ಲಿ ಕೂತು ಪದೇ ಪದೇ ನೋಡಿದ್ದೇನೆ. ನೀನು ಎಫ್ಫತ್ ಮಾಡಿದ ಸೊಪ್ಪಿನ ಸಾರು, ದಾಳಿಂಬೆ ತಂದಿದ್ದೆ. ನಾನು ಚಹಾ ಇಟ್ಟೆ. ನೀನು ಕೋಣೆಯನ್ನು ಒಂದು ಸುತ್ತು ನೋಡಿದೆ, ಯಾವುದನ್ನೂ ಹೀಗಳೆಯಲಿಲ್ಲ. ಆಮೇಲೆ ಕಿಟಕಿ ಕಡೆ ಮುಖ ಮಾಡಿಕೊಂಡೇ, ಬಾ ತರ್ಲಾನ್, ಮನೆಗೆ ಬಾ ಅಂದೆ. ನಾನು, ಇಲ್ಲಪ್ಪ, ಇನ್ನೇನು ಹಿಮ ಶುರುವಾಗತ್ತೆ, ಕೆಲಸ ಇದೆ ಅಂದೆ. ನೀನು ಸರಿ ಅಂದೆ. ಸಕ್ಕರೆ ಅಚ್ಚು ಹಲ್ಲಲ್ಲಿ ಕಚ್ಚಿಕೊಂಡು ಚಹಾ ಕುಡಿದೆ.

ಸರಿ! ನಮ್ಮವರ ಬಾಯಲ್ಲಿ ಮೊದಲನೆಯ ‘ಬೇಡ’ಕ್ಕೆ ಯಾರಾದರೂ ಸರಿ ಅನ್ನುತ್ತಾರೆಯೇ? ನಿನ್ನ ಅಕ್ಕನ ಮನೆಯಲ್ಲಿ ಒಂದು ಸೌತೆಕಾಯಿ ತೆಗೆದುಕೊಳ್ಳಲು ನಾಲ್ಕು ಸಲ ಉಪಚಾರ ಮಾಡಿಸಿಕೊಳ್ಳುವವನು ನೀನು. ಆಣೆ ಇಟ್ಟು, ಪ್ರಾಣದ ಮೇಲೆ ಹೇಳಿ, ತಟ್ಟೆಯನ್ನು ನಿನ್ನ ಮಡಿಲಿಗೇ ಇಡಬೇಕು. ಕಾರಿನವರೆಗೆ ನಿನ್ನ ಜೊತೆ ನಡೆದೆ, ಅಲ್ಲಿ ಇನ್ನೊಂದು ಸಲ ಕೇಳುತ್ತೀ ಅಂತ. ಒಳಗೆ ಹೋಗು, ಚಳಿ ಅಂದೆ ನೀನು. ನಾನು ಹೋಗಲಿಲ್ಲ. ನೀನು ಗಾಜು ಇಳಿಸಿದೆ. ಮಫ್ಲರ್ ಹಾಕ್ಕೋ ಅಂದೆ.

ಆಮೇಲೆ ಅರ್ಥವಾಯಿತು. ನಾವು ಹಗ್ಗ ಹಂಚಿಕೊಂಡ ಮೊದಲ ದಿನ ನಾನೇ ಅಲ್ಲವೇ ಹೇಳಿದ್ದು, ಬೆಟ್ಟದಲ್ಲಿ ಉಪಚಾರದ ಮಾತು ನಡೆಯುವುದಿಲ್ಲ ಅಂತ? ನೀವು ಮೊದಲು, ಇಲ್ಲ ನೀವು ಮೊದಲು ಅನ್ನುತ್ತ ನಿಂತರೆ ಕತ್ತಲಾಗುತ್ತದೆ. ದಣಿದಿಲ್ಲ ಅಂತ ಮರ್ಯಾದೆಗೆ ಹೇಳಿದವನು ಬೀಳುತ್ತಾನೆ. ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ. ನೀನು ಅದನ್ನು ಇಷ್ಟು ವರ್ಷ ಉಳಿಸಿಕೊಂಡಿದ್ದೆ. ನನ್ನ ಕೋಣೆಗೆ ಬಂದು ಬೆಟ್ಟದವರ ಹಾಗೆ ಕೇಳಿದೆ. ನಾನು ಊರವಳ ಹಾಗೆ ಬೇಡ ಅಂದೆ. ನಿನ್ನದು ಗೌರವ, ನನ್ನದು ನಾಚಿಕೆ. ಎರಡರಲ್ಲಿ ಯಾವುದೂ ತಪ್ಪಲ್ಲ, ಅದೇ ಕಷ್ಟ.

ನಾನು ಇಲ್ಲಿಗೆ ಹೊರಡುವಾಗ ನಿನ್ನನ್ನೂ ಕರೆದಿದ್ದೆ. ನೀನು, ಕನ್ನಡಕದ ಅಂಗಡಿ ಬಿಟ್ಟು ಹೇಗೆ ಬರಲಿ ಅಂದಿದ್ದೆ. ನಾನು ಮತ್ತೆ ಕೇಳಿದೆನೇ? ನೆನಪಾಗುತ್ತಿಲ್ಲ. ಕೇಳಿರಲಾರೆ.

ಎಫ್ಫತ್ ಫೋನು ಮಾಡಿದ್ದು ನೀನು ಬಂದು ಹೋದ ಕೆಲವು ವಾರಕ್ಕೆ. ಮೊದಲು ಹವಾ, ಆಮೇಲೆ ಅವಳ ಸೊಂಟ, ಆಮೇಲೆ ನೀನು. ನೋಡಮ್ಮ, ನನ್ನ ತಮ್ಮ ಇನ್ನೆಷ್ಟು ವರ್ಷ ಒಬ್ಬನೇ ಅನ್ನದ ತಳ ಸೀಯಿಸಿಕೊಂಡು ತಿಂದಾನು, ನೀನೇ ಬರಲ್ಲ ಅಂದ್ಯಂತೆ ಅಂದಳು. ನಿನಗೆ ನೋಡಿರುವ ಮೇಡಂ ನಿನ್ನ ಅಂಗಡಿಗೆ ಕನ್ನಡಕ ಮಾಡಿಸಲು ಬಂದವರಂತೆ, ಗಂಡ ತೀರಿಹೋಗಿ ಬಹಳ ವರ್ಷವಾಯಿತಂತೆ, ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳುತ್ತಾರಂತೆ. ತುಂಬಾ ಸಾಧು, ಎತ್ತರ ಅಂದ್ರೆ ಮೊದಲ ಮಹಡಿಯಲ್ಲೇ ತಲೆ ಸುತ್ತತ್ತೆ ಪಾಪ ಅಂದಳು. ಅದನ್ನು ನನಗೆ ಸಮಾಧಾನವಾಗಲಿ ಅಂತ ಹೇಳಿದಳೋ ಚುಚ್ಚಲೋ ಗೊತ್ತಾಗಲಿಲ್ಲ. ನಿಂದೇನೂ ಅಡ್ಡಿ ಇಲ್ಲ ತಾನೇ ಅಂದಳು. ಬಾಯಿ ತಾನಾಗಿಯೇ ಆಡಿತು: ಅಯ್ಯೋ, ನನ್ನದೇನು ಅಡ್ಡಿ, ಒಳ್ಳೇದಾಗಲಿ, ಅವರ ಕಾಲ್ಗುಣದಿಂದ ಮನೆ ಬೆಳಗಲಿ. ಜನ್ಮವೆಲ್ಲ ಉಪಚಾರದಲ್ಲೇ ಕಳೆದ ಎಫ್ಫತ್, ತಂಗಾಳಿಗೂ ನಾಲ್ಕು ಅರ್ಥ ಹುಡುಕುವವಳು, ಆ ಒಂದು ಸಲ ನನ್ನ ಮಾತನ್ನು ಇದ್ದ ಹಾಗೆ ನಂಬಿದಳು. ದೇವರು ನಿನ್ನ ಕೈಗೆ ನೋವು ಕೊಡದಿರಲಿ ಅಂತ ಕೃತಜ್ಞತೆ ಹೇಳಿ ಫೋನು ಇಟ್ಟಳು.

ಹಾಗಾಗಿ ಹೇಳಿದ್ದು ಹೇಳಿದ್ದೇ. ದಿನ ಗೊತ್ತುಮಾಡಿ ತಿಳಿಸು. ಆ ಮೇಡಂ ಒಳ್ಳೆಯವರಿರಬಹುದು. ನಿನ್ನ ಅನ್ನದ ತಳ ಇನ್ನು ಸೀಯದಿರಲಿ.

ನಾನು ಇಲ್ಲೇ ಇರುತ್ತೇನೆ. ಬೇರೆಲ್ಲಿಗೆ ಹೋಗಲಿ? ಮೇಲಿನ ಗುಡಿಸಲಿಗೆ ಬೇಸಿಗೆಯಲ್ಲಿ ಕಾವಲಿಗೆ ಒಬ್ಬರು ಬೇಕಂತೆ. ಚಾರಣದವರಿಗೆ ಚಹಾ ಕಾಯಿಸಿ ಕೊಡುವುದು, ಅವರು ಮೇಲೆ ಹೋಗುವುದನ್ನು ನೋಡುವುದು. ಮಂಡಿಗೆ ಅಷ್ಟು ಸಾಕು. ಬೆಳಿಗ್ಗೆ ಎದ್ದು ಕಿಟಕಿ ತೆರೆಯುವಾಗ ಕಣ್ಣು ಮುಚ್ಚಿಕೊಂಡೇ ತೆರೆಯುತ್ತೇನೆ. ಹಿಮಕ್ಕೆ ಒಂದು ಮೌನವಿದೆ, ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ದಿನವೂ ನಾಯಿ ಬೊಗಳುವುದು ಸ್ಪಷ್ಟವಾಗಿ ಕೇಳಿಸುತ್ತದೆ.

ಈ ಕಾಗದ ಮಷ್ ಯದೊಲ್ಲಾನ ಕೈಯಲ್ಲಿ ಕಳಿಸುತ್ತೇನೆ, ನಾಳೆ ಪೇಟೆಗೆ ಇಳಿಯುತ್ತಾನೆ. ಉತ್ತರ ಬರೆಯಲೇಬೇಕೆಂದಿಲ್ಲ.

ಕ್ಷೇಮವಾಗಿರು.

ತರ್ಲಾನ್

ರುಜು ಹಾಕಿದ ಮೇಲೆ ನೆನಪಾದದ್ದಲ್ಲ, ಬರೆಯಬಾರದು ಅಂತ ಬಿಟ್ಟದ್ದು: ಹೋದ ಗುರುವಾರ ಸಂಜೆ ನಿನ್ನ ಮನೆಯ ಗಂಟೆ ಒತ್ತಿದವಳು ನಾನು. ಮಂಡಿಯ ಡಾಕ್ಟರಿಗೆ ಅಂತ ಇಲ್ಲಿ ಹೇಳಿ ಹೊರಟಿದ್ದೆ. ಎಫ್ಫತ್‌ಗೆ ಹೇಳಿದ್ದು ಸುಳ್ಳು, ನೀನು ಕೇಳದಿದ್ದರೂ ಬರುತ್ತೇನೆ ಅಂತ ಹೇಳಿಬಿಡಲು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬೀದಿಬಾಗಿಲ ಬಳಿಯ ಗೋಡೆಯ ಫೋನಿನಲ್ಲಿ ನೀನು ಯಾರು ಅಂತಲೂ ಕೇಳಲಿಲ್ಲ. ಬಂದ್ರಾ, ಬನ್ನಿ ಬನ್ನಿ, ಚಹಾ ಈಗಷ್ಟೇ ಇಟ್ಟೆ ಅಂದೆ, ಆ ಮೇಡಂ ಬಂದರು ಅಂದುಕೊಂಡು. ನೀನು ಮೇಲಿನಿಂದ ಗುಂಡಿ ಒತ್ತಿದೆ, ಚಿಲಕ ಬಿಟ್ಟುಕೊಂಡಿತು. ನಾನು ಕದಲದಿದ್ದುದಕ್ಕೆ ಮತ್ತೆ ನಿನ್ನ ದನಿ ಬಂತು: ಬಾಗಿಲು ಬಿಗಿ, ಕೆಳಗಡೆ ಕಾಲಿಟ್ಟು ತಳ್ಳಿ. ನಾನು ತಳ್ಳದೆ ಬಸ್ಸಿಗೆ ಹಿಂತಿರುಗಿದೆ. ಆ ಬಾಗಿಲನ್ನು ನಾನು ಎಷ್ಟೋ ವರ್ಷ ಕಾಲಿಟ್ಟೇ ತಳ್ಳಿದವಳು. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.