ಮೂರೇ ಕಾಲಿನ ಮೊಲ

ಮಾರ್ಚ್ 3, ಸೋಮವಾರ

ಸ್ಲೈಡುಗಳ ಮೇಲೆ ಪ್ರತಿಕಾಯ, ಅದೇ ಆಂಟಿಬಾಡಿ, ಹಾಕಿ ಮುಚ್ಚಿಟ್ಟೆ. ಅದು ತನ್ನ ಕೆಲಸ ಮುಗಿಸುವವರೆಗೆ ನನಗೆ ಕೆಲಸವಿಲ್ಲ. ಈ ಡೈರಿಗೆ ಸಿಗುವುದು ಇಷ್ಟೇ ಹೊತ್ತು. ಲ್ಯಾಬಿನ ಹೊರಗಿನ ಕೋಣೆ, ಅಲ್ಲಾಡುವ ಕುರ್ಚಿ, ಆರಿದ ಟೀ.

ಇವತ್ತು ಬಂದ ಡಬ್ಬಿಯಲ್ಲಿ ಅಕ್ಕನ ಬ್ಲಾಕ್ ಇದೆ. ಕರುಳಿನ ಗಡ್ಡೆಯ ಚೂರು, ಮೇಣದೊಳಗೆ. ಚೀಟಿಯಲ್ಲಿ ಹೆಸರು ಓದಿದರೂ ಬೇರೆ ಯಾರದೋ ಇರಬೇಕು ಅಂದುಕೊಂಡೆ. ಮನಸ್ಸು ಎಷ್ಟು ಕಳ್ಳ ನೋಡು...

ಮೇಡಂ — ನಮ್ಮ ಪೆಥಾಲಜಿ ಡಾಕ್ಟರು — ಕರೆದು, "ಇದನ್ನ ಬೇರೆಯವರ ಕೈಲಿ ಮಾಡಿಸ್ಲಾ?" ಅಂದರು.

ಬೇಡ ಅಂದೆ. ನಮ್ಮ ಅಕ್ಕನನ್ನು ನಾನೇ ನೋಡಿಕೊಳ್ಳುತ್ತೇನೆ.

ಮಾರ್ಚ್ 4

ಸಂಜೆ ಐದಾದ ಮೇಲೆ ಅಕ್ಕನ ಫೋನ್. ಕೆಲಸದ ಹೊತ್ತಲ್ಲಿ ಎಂದೂ ಮಾಡುವವಳಲ್ಲ. "ನಿನ್ನ ಕೈಯಲ್ಲಿ ಯಾರದೋ ಜೀವ ಇರುತ್ತೆ, ನನ್ನ ಹರಟೆಗೆ ಏನವಸರ" ಅನ್ನುತ್ತಾಳೆ.

"ಏನದು ಟೆಸ್ಟು? ನನಗೆ ಅರ್ಥ ಆಗೋ ಹಾಗೆ ಹೇಳು."

ಮಕ್ಕಳಿಗೆ ಉಕ್ತಲೇಖನ ಕೊಟ್ಟು ಕೊಟ್ಟು ನಿವೃತ್ತಳಾದ ಟೀಚರು. ಅವಳ ಭಾಷೆಯಲ್ಲೇ ಹೇಳಿದೆ. ಜೀವಕೋಶ ಒಂದು ಎರಡಾಗುವಾಗ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳುತ್ತದೆ. ಕಾಗುಣಿತ ತಪ್ಪುತ್ತದೆ. ತಿದ್ದುವುದಕ್ಕೆ ನಾಲ್ಕು ಪ್ರೋಟೀನುಗಳಿವೆ, ಅವೇ ಟೀಚರುಗಳು. ಪ್ರತಿಕಾಯ ಅವುಗಳನ್ನು ಹುಡುಕಿ ಅಂಟಿಕೊಂಡ ಕಡೆ ಕಂದು ಬಣ್ಣ ಬರುತ್ತದೆ. ಕಂದು ಅಂದರೆ ಹಾಜರ್. ಖಾಲಿ ಅಂದರೆ ಗೈರುಹಾಜರ್.

"ಯಾವುದು ಒಳ್ಳೇದು?"

"ನಿನಗೆ ಒಂದಾದ್ರೂ ಖಾಲಿ ಬರಬೇಕು ಅಕ್ಕ. ತಪ್ಪುಗಳು ತುಂಬಿರೋ ಗಡ್ಡೇನ ಮೈ ತಾನೇ ಗುರುತು ಹಿಡಿಯುತ್ತೆ. ಹೊಸ ಔಷಧಿ ಅಂಥದ್ದಕ್ಕೇ ನಾಟೋದು. ಹಳೇದು ಯಾವುದೂ ನಾಟ್ತಿಲ್ಲವಲ್ಲ."

"ಅಂದ್ರೆ ನನ್ನೊಳಗಿರೋ ಟೀಚರು ರಜಾ ಹಾಕಿರ್ಲಿ ಅಂತ ಬೇಡ್ಕೋಬೇಕು! ನಾನು ಜ್ವರ ಬಂದ್ರೂ ರಜಾ ಹಾಕಿದೋಳಲ್ಲ ಕಣೆ."

ನಕ್ಕಳು. ನಗು ಕೆಮ್ಮಾಯಿತು. ಫೋನು ಅವಳ ಮಗಳ ಕೈಗೆ ಹೋಯಿತು.

ಮಾರ್ಚ್ 6

ನಾಲ್ಕು ಪ್ರತಿಕಾಯಗಳಲ್ಲಿ ಎರಡು ಇಲಿಯಿಂದ ತಯಾರಾದವು, ಎರಡು ಮೊಲದಿಂದ. ಉದ್ದ ಹೆಸರು ಯಾರು ಹೇಳುತ್ತಾರೆ — ಲ್ಯಾಬಿನಲ್ಲಿ ಎಲ್ಲರಿಗೂ ದೊಡ್ಡ ಇಲಿ, ಚಿಕ್ಕ ಇಲಿ, ದೊಡ್ಡ ಮೊಲ, ಚಿಕ್ಕ ಮೊಲ.

ಚಿಕ್ಕ ಮೊಲದ ಸೀಸೆ ತಳ ಕಂಡಿದೆ. ತಾರೀಖೂ ಮೀರಿದೆ. ಹೊಸದು ಬರುವುದು ಮುಂದಿನ ವಾರ. ಕಾಯಬೇಕಿತ್ತು. ಆದರೆ ಅಕ್ಕ ದಿನಾ ಇಳಿದು ಹೋಗುತ್ತಿದ್ದಾಳೆ, ನಾನು ಹೇಗೆ ಕಾಯಲಿ? ಒಂದೇ ಸ್ಲೈಡಿಗೆ ಸಾಲದೇನು? ಹಾಕಿದೆ.

ಮಾರ್ಚ್ 7, ಬೆಳಗ್ಗೆ

ಖಾಲಿ!

ದೊಡ್ಡ ಇಲಿ ಕಂದು, ಚಿಕ್ಕ ಇಲಿ ಕಂದು, ದೊಡ್ಡ ಮೊಲ ಕಂದು. ಚಿಕ್ಕ ಮೊಲ — ಗಡ್ಡೆಯ ತುಂಬ ಬರೀ ಹಿನ್ನೆಲೆಗೆ ಹಾಕುವ ನೀಲಿ. ಕಂದಿನ ಸುಳಿವಿಲ್ಲ. ಮೇಡಂ ಬರುವವರೆಗೂ ತಡೆಯಲಾಗಲಿಲ್ಲ. ಮೆಟ್ಟಿಲ ಹತ್ತಿರ ಓಡಿ ಅಕ್ಕನಿಗೆ ಫೋನ್ ಮಾಡಿದೆ.

"ಒಬ್ಬಳು ಟೀಚರ್ ಗೈರುಹಾಜರ್ ಅಕ್ಕ!"

"ನಿಜವಾಗ್ಲೂ?" ಅಂದಳು. ಮತ್ತೆ ದನಿ ತಗ್ಗಿಸಿ, "ಈ ಗೈರುಹಾಜರಿ... ಹುಟ್ಟಿನಿಂದ ಬರೋದಾ? ಮಕ್ಕಳಿಗೂ ಹೋಗುತ್ತಾ?"

ಯಾವತ್ತೂ ಇಷ್ಟೇ, ಟೀಚರು. ಹೇಳದೇ ಬಿಟ್ಟ ಸಾಲಿಗೇ ಬೆರಳಿಡುತ್ತಾಳೆ.

"ಹೋಗಬಹುದು. ಅದನ್ನ ಆಮೇಲೆ ನೋಡೋಣ. ಮೊದಲು ನೀನು ಹುಷಾರಾಗು."

ಮಾರ್ಚ್ 7, ಸಂಜೆ

ಮೇಡಂ ಬಹಳ ಹೊತ್ತು ನೋಡಿದರು. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಕೇಳಿದರು. "ಗಡ್ಡೆ ಬಿಡು. ಪಕ್ಕದಲ್ಲಿರೋ ಒಳ್ಳೇ ಜೀವಕೋಶ ನೋಡಿದ್ಯಾ?"

ನೋಡಿರಲಿಲ್ಲ.

ನೋಡಿದೆ. ಅವೂ ಖಾಲಿ. ಅವು ಕಂದು ಇರಲೇಬೇಕು. ಬಣ್ಣ ಸರಿಯಾಗಿ ಹಿಡಿದಿದೆಯಾ ತಿಳಿಯಲು ಸ್ಲೈಡಿನ ಮೂಲೆಯಲ್ಲಿ ಕಂಟ್ರೋಲ್ ಅಂತ ಇಡುವ ಆರೋಗ್ಯವಂತ ಚೂರು — ಅದೂ ಖಾಲಿ.

ಟೀಚರು ಬಂದಿಲ್ಲ ಅಂತಲ್ಲ. ಹಾಜರಿ ಕೂಗಿದವರಿಗೇ ದನಿ ಇರಲಿಲ್ಲ. ಮೊಲ ಸತ್ತಿತ್ತು.

ಆದರೂ ವಾದಿಸಿದೆ. ಒಳ್ಳೇ ಕೋಶಗಳಲ್ಲಿ ಎಲ್ಲೋ ತೆಳು ಕಂದು ಕಾಣುತ್ತೆ ಮೇಡಂ, ಇಲ್ಲಿ ನೋಡಿ, ಇಲ್ಲಿ... ಮೇಡಂ ಗದರಲಿಲ್ಲ. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನಬೇಡ. ಹೊಸ ಸೀಸೆ ಬರ್ಲಿ, ಮತ್ತೆ ಮಾಡು" ಅಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. ಗದರಿದ್ದರೆ ಚೆನ್ನಾಗಿತ್ತು.

ಮೊದಲು ಮೂಲೆ ನೋಡು, ಆಮೇಲೆ ಗಡ್ಡೆ. ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವವಳು ನಾನು.

ಐದಾದ ಮೇಲೆ ಫೋನ್ ಬಂತು. ಎತ್ತಲಿಲ್ಲ.

ಮಾರ್ಚ್ 9, ಭಾನುವಾರ

ಹೇಳಿಯೇ ಬಿಡುತ್ತೇನೆ ಅಂತ ಹೋದೆ. ಬಾಗಿಲಲ್ಲೇ ಅಕ್ಕನ ಮಗಳು ಕೈ ಹಿಡಿದುಕೊಂಡಳು. "ಚಿಕ್ಕಮ್ಮ, ನಿಮ್ಮ ಫೋನ್ ಬಂದ ಮೇಲೆ ಅಮ್ಮ ಎದ್ದು ಕೂತಿದಾಳೆ. ಮಲಗು ಅಂದ್ರೂ ಮಲಗಲ್ಲ."

ಅಕ್ಕ ಕಿಟಕಿ ಪಕ್ಕ ಕೂತು ಮಗಳನ್ನೇ ನೋಡುತ್ತಿದ್ದಳು. ಹೋದಲ್ಲಿ ಬಂದಲ್ಲಿ ನೋಡುತ್ತಿದ್ದಳು. ಬದುಕುವ ಆಸೆ ಬಂದವರ ನೋಟ ಅಂದುಕೊಂಡೆ. ನಾನು ಕೊಟ್ಟ ಆಸೆ.

ಬಾಯಿಗೆ ಹೊಲಿಗೆ ಹಾಕಿಕೊಂಡು ವಾಪಸು ಬಂದೆ.

ಮಾರ್ಚ್ 13

ಹೊಸ ಸೀಸೆ. ಮೊದಲು ಮೂಲೆ — ಕಂದು. ಒಳ್ಳೇ ಕೋಶಗಳು — ಕಂದು. ಗಡ್ಡೆ...

ಕಂದು. ಒಂದೊಂದು ಕೋಶದ ನಡುವೆಯೂ ಅಚ್ಚೊತ್ತಿದ ಹಾಗೆ. ಇಷ್ಟು ಚೆಂದದ ಬಣ್ಣ ನನ್ನ ಕೈಯಲ್ಲಿ ಎಂದೂ ಬಂದಿರಲಿಲ್ಲ. ಒಡೆದು ಹಾಕಬೇಕು ಅನ್ನಿಸಿತು. ಸಿಂಕಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ 14

ಹೇಳಿದೆ. ಮೇಡಂ ಅಕ್ಕನದೇ ಒಂದು ಹೆಚ್ಚಿನ ಸ್ಲೈಡ್ ಕೊಟ್ಟಿದ್ದರು, ಅದನ್ನು ಮಡಿಲಲ್ಲಿ ಹಿಡಿದು ಕೂತಿದ್ದೆ.

"ಅಕ್ಕ, ತಪ್ಪು ನಂದು. ಸತ್ತ ಸೀಸೆ ಹಾಕಿದ್ದೆ. ನಾಲ್ಕೂ ಜನ ಟೀಚರು ಹಾಜರಿದಾರೆ. ಆ ಔಷಧಿ ನಿನಗೆ ನಾಟಲ್ಲ."

ಅಡುಗೆಮನೆಯಲ್ಲಿ ಮಗಳು ಪಾತ್ರೆ ತೊಳೆಯುತ್ತಿದ್ದ ಸದ್ದು. ಅಕ್ಕನ ಕಣ್ಣು ಆ ಕಡೆ ಹೋಯಿತು.

"ಹಾಗಾದ್ರೆ ಅವಳಿಗೆ ಬರಲ್ವಾ?"

"ನಿನ್ನಿಂದ ಹಾಗೆ ಬರೋದು ತೀರಾ ಕಡಿಮೆ ಅಕ್ಕ."

ದಿಂಬಿಗೆ ಒರಗಿ ದೊಡ್ಡ ಉಸಿರು ಬಿಟ್ಟಳು. "ಅದನ್ನ ಮೊದ್ಲು ಹೇಳ್ಬಾರ್ದಾ, ದಡ್ಡಿ? ನೀನು ಫೋನ್ ಮಾಡಿದಾಗಿನಿಂದ ಕಣ್ಣು ಮುಚ್ಚಿಲ್ಲ ನಾನು."

ಅಯ್ಯೋ. ಅವಳು ಎದ್ದು ಕೂತಿದ್ದು ಸಂತೋಷಕ್ಕಲ್ಲ.

ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. "ನಾಲ್ಕು ಜನ ಕೂತು ಇಷ್ಟು ಚೆನ್ನಾಗಿ ತಿದ್ದಿದಾರೆ. ಆದ್ರೂ ಫೇಲ್ ಆಗಿದೀನಲ್ಲೇ!"

ಅವಳು ನಕ್ಕಳು. ನನ್ನಿಂದಾಗಲಿಲ್ಲ. ಸಂಜೆ ಇನ್ನೂ ಬಿಸಿಲಿರುವಾಗಲೇ ಮಲಗಿದಳು, ಮಗುವಿನ ಹಾಗೆ ಬಾಯಿ ತೆರೆದು. ಮಗಳು ಹೊದಿಕೆ ಎಳೆದಳು.

ಮೇ 21, ಬುಧವಾರ

ಬಹಳ ದಿನವಾಯಿತು ಬರೆದು. ಏನು ಬರೆಯಲಿ.

ಐದಾದ ಮೇಲಿನ ಫೋನ್ ಮಾತ್ರ ತಪ್ಪಿಲ್ಲ. ಈಗ ಮಗಳೇ ಅವಳ ಕಿವಿಗೆ ಹಿಡಿಯುತ್ತಾಳೆ. ಇವತ್ತು ಇಂಥ ಬ್ಲಾಕ್ ಬಂತು, ಕಂದು ಬಂತು, ಖಾಲಿ ಬಂತು ಅಂತ ನಾನೇ ವರದಿ ಒಪ್ಪಿಸುತ್ತೇನೆ. ಅಕ್ಕ "ಹೂಂ" ಅನ್ನುತ್ತಾಳೆ. ನಿನ್ನೆ ಹೂಂ ಇರಲಿಲ್ಲ. ಉಸಿರು ಕೇಳಿತು. ಆದರೂ ಪೂರ್ತಿ ಒಪ್ಪಿಸಿದೆ.

ಇವತ್ತು ಯಾರದೋ ಬ್ಲಾಕಿಗೆ ಚಿಕ್ಕ ಮೊಲ ಹಾಕಿ ಮುಚ್ಚಿಟ್ಟು ಬಂದಿದ್ದೇನೆ. ಸೀಸೆಯ ತಾರೀಖು ನೋಡಿ, ಮತ್ತೆ ನೋಡಿ. ಈ ಯಾರದೋ ಮನೆಯಲ್ಲೂ ಒಬ್ಬ ಮಗಳು ಇರಬಹುದು. ಸಂಜೆ ಅಕ್ಕನಿಗೆ ಹೇಳಬೇಕು, ಮೊದಲು ಮೂಲೆಯನ್ನೇ ನೋಡಿದೆ ಅಂತ.

ಫೋನ್. ಅಕ್ಕನ ನಂಬರು. ಇನ್ನೂ ಬೆಳಗ್ಗೆ. ಕೆಲಸದ ಹೊತ್ತಲ್ಲಿ ಅಕ್ಕ ಎಂದೂ...