ಮಂಡಿಯೂರುವ ಮುಂಚಿನ ಫೋಟೊ

ವಿಲಿಯಮ್ಸ್, ಅರಿಜೋನಾ
ಜನವರಿ, ಸೋಮವಾರ

ಮಾನ್ಯ ಡೆಲ್ಬರ್ಟ್ ಅವರಿಗೆ,

ಶನಿವಾರ ಬೆಳಿಗ್ಗೆ ಗ್ರಾಂಡ್ ಕ್ಯಾನ್ಯನ್ನಿನ ಅಂಚಿನಲ್ಲಿ, ಮಂಜುಗಡ್ಡೆಯ ಮೇಲೆ ಮಂಡಿಯೂರಿದ ಮುದುಕ ನಾನೇ. ನೀವು ನನ್ನನ್ನೂ ನನ್ನ ಗೆಳತಿ ಲೊರೇನ್‌ಳನ್ನೂ ಸೇರಿಸಿ ಕಣಿವೆಯ ಫೋಟೊ ಒಂದೇ ಸಮನೆ ತೆಗೆಯುತ್ತಿದ್ದಿರಿ, ಆಮೇಲೆ ವಿಳಾಸದ ಚೀಟಿ ಕೊಟ್ಟಿರಿ.

ನಿಜವಾಗಿ ನಾನು ಜಾರಿದ್ದು. ಲೊರೇನ್‌ಳ ಕ್ಯಾಮೆರಾದ ಮುಚ್ಚಳ ಕೆಳಗೆ ಬಿತ್ತು, ಎತ್ತಿಕೊಡಲು ಹೋಗಿ ಕಾಲು ಜಾರಿತು. ಮಂಡಿಯ ಮೇಲಿದ್ದುಕೊಂಡೇ ಮುಚ್ಚಳ ಹಿಡಿದ ಕೈ ಅವಳತ್ತ ಚಾಚಿದೆ. ನಾನು ಮದುವೆಗೆ ಕೇಳುತ್ತಿದ್ದೇನೆ ಎಂದುಕೊಂಡು ಜನರೆಲ್ಲ ಚಪ್ಪಾಳೆ ಹೊಡೆದರು. "ಬೇಗ ಹೂಂ ಅನ್ನಮ್ಮಾ, ಪಾಪ, ಅಲ್ಲೇ ಮಂಜುಗಡ್ಡೆ ಆಗ್ಬಿಡ್ತಾನೆ!" ಎಂದು ಯಾರೋ ಕೂಗಿದರು.

ಲೊರೇನ್ ಮುಚ್ಚಳ ತೆಗೆದುಕೊಂಡು, "ಹೂಂ ಕಣೋ ವೆಂಡೆಲ್, ಆಗೋಣ. ಎದ್ದೇಳು ಮೊದ್ಲು, ಮಂಡಿ ಹಿಡ್ಕೊಳ್ಳುತ್ತೆ," ಎಂದಳು.

ಎಷ್ಟೋ ಚಳಿಗಾಲದಿಂದ ಅವಳ ಕ್ಯಾಮೆರಾ ಸ್ಟ್ಯಾಂಡ್ ಹೊತ್ತುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ. ಮದುವೆಯ ಮಾತು ಒಮ್ಮೆಯೂ ಬಂದಿರಲಿಲ್ಲ. ಈಗ ಅವಳು ತಂಗಿಗೆ ಫೋನ್ ಮಾಡಿ ಹೇಳಿಯೂ ಆಯಿತು. ಜಾರಿದ್ದೆಂದು ಹೇಳಲೋ, ಸುಮ್ಮನಿರಲೋ ತಿಳಿಯುತ್ತಿಲ್ಲ.

ಮಂಡಿಯೂರಿದ ಫೋಟೊ ಅವಳ ಹೆಸರಿಗೆ ಕಳಿಸಿ. ಅದಕ್ಕಿಂತ ತುಸು ಮುಂಚೆ ತೆಗೆದ ಫೋಟೊವನ್ನು ಮಾತ್ರ ಬೇರೆ ಲಕೋಟೆಯಲ್ಲಿ ನನಗೆ ಕಳಿಸಬೇಕು. ಮನೆಗೆ ಬಂದು ಬೂಟು ಬಿಚ್ಚುವಾಗ ನೋಡಿದೆ: ಮಂಜಿನಲ್ಲಿ ಜಾರದಿರಲೆಂದು ಕಟ್ಟಿಕೊಳ್ಳುವ ಮುಳ್ಳಿನ ಪಟ್ಟಿಗಳು ಎರಡೂ ಕಾಲಲ್ಲಿ ಗಟ್ಟಿಯಾಗಿಯೇ ಇದ್ದವು. ಅವನ್ನು ಕಟ್ಟಿಕೊಂಡು ನಾನು ಇದುವರೆಗೆ ಬಿದ್ದವನಲ್ಲ.

ಆ ಫೋಟೊದಲ್ಲಿ ನನ್ನ ಕಾಲು ಜಾರಿತ್ತೇ, ಇಲ್ಲ ನಾನೇ ಮಂಡಿಯೂರಿದೆನೇ? ದಯವಿಟ್ಟು ನೋಡಿ ತಿಳಿಸಿ.

ಇಂತಿ,
ಇನ್ನೂ ಮಂಡಿ ನೋಯುತ್ತಿರುವ
ವೆಂಡೆಲ್ ಹ್ಯಾಚ್