ಓಪಲ್ ಪಕ್ಕದ ಕಲ್ಲು

ಅಲಬಾಮಾ, ಮೇ ೧೯೩೮

ಆರ್ಡೆಲ್ ಅತ್ತಿಗೆಗೆ,

ನಿಮ್ಮ ತಮ್ಮ ಹೋಬರ್ಟ್‌ನ ಹೊಸ ಸಮಾಧಿ ಎಲ್ಲಿ ಅಂತ ಕೇಳಿದ್ದೀರಿ. ಅಣೆಕಟ್ಟಿನ ನೀರು ಮಲ್ಬೆರಿ ಹಳ್ಳ ತುಂಬಿ ನಮ್ಮ ಹಳೆ ಸ್ಮಶಾನವನ್ನು ಮುಳುಗಿಸಿತು. ಅದಕ್ಕೂ ಮೊದಲೇ ಸರ್ಕಾರದವರು ಸಮಾಧಿಗಳನ್ನು ಗುಡ್ಡಕ್ಕೆ ಸಾಗಿಸಿದರು. ಹೆಸರಿಲ್ಲದ ಕಲ್ಲುಗಳು ಯಾರವೆಂದು ಮನೆಯವರೇ ತೋರಿಸಬೇಕಿತ್ತು. ನನ್ನ ಮಗಳು ಓಪಲ್‌ದು ತೋರಿಸಿದೆ.

"ಪಕ್ಕದ್ದು ಯಾರದಮ್ಮಾ?" ಅಂದ ಗುಮಾಸ್ತ.

"ನಮ್ಮ ಬೇಟೆನಾಯಿದು. ಅದನ್ನ ಬಿಡಿ," ಅಂದೆ. ಹಾಗೇ ಬರೆದುಕೊಂಡ.

ತಮ್ಮನಿಗೆ ಹೆಸರು ಕೆತ್ತಿಸಿದ ಕಲ್ಲು ಕಳಿಸ್ತೀನಿ ಅಂತ ನೀವು ಆರು ವರ್ಷದಿಂದ ಹೇಳುತ್ತಿದ್ದೀರಿ. ಕಳಿಸಿದ್ದರೆ ನನ್ನ ಸುಳ್ಳು ನಡೆಯುತ್ತಿರಲಿಲ್ಲ.

ಬರುವ ಭಾನುವಾರ ಸಮಾಧಿಗಳಿಗೆ ಹೂ ಇಡುವ ದಿನ. ಬನ್ನಿ, ಕೋಳಿ ಕರಿದಿಟ್ಟಿರುತ್ತೇನೆ. ಹೂ ಮಾತ್ರ ಓಪಲ್‌ಗಷ್ಟೇ ತನ್ನಿ.

ಐದು ವರ್ಷದ ಮಗುವನ್ನು ಅವನು ಹಳ್ಳದ ಮಡುವಿಗೆ ಎಸೆದಾಗ ನೀವು ದಡದಲ್ಲಿ ನಗುತ್ತಾ ನಿಂತಿದ್ದಿರಿ. ಇಳಿಯಹೋದ ನನ್ನ ಕೈ ಹಿಡಿದು, "ಸುಮ್ನಿರೇ ಜೋಲಾ, ನೀರಲ್ಲಿ ಬಿಟ್ರೆ ತಾನಾಗೇ ಕಲೀತಾಳೆ," ಅಂದಿರಿ. ಅವಳು ಮೇಲೆ ಬರಲೇ ಇಲ್ಲ.

ಈಗ ಅವನ ಮೇಲೆ ನಲವತ್ತು ಅಡಿ ನೀರಿದೆ. ಕಲಿಯಲಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ
ಜೋಲಾ